ಹೊಡೆದವಳೇ ತರಬೇಕು

ಹೋದ ತಿಂಗಳು ಹಲಸೂರು ಕೆರೆಯ ಪಕ್ಕದ ರಸ್ತೆಯಲ್ಲಿ ನನ್ನ ಸ್ಕೂಟರು ಪಂಕ್ಚರ್ ಆಯಿತು. ತಳ್ಳಿಕೊಂಡು ಹೋಗಿ ಒಂದು ಅಂಗಡಿಯ ಮುಂದೆ ನಿಲ್ಲಿಸಿದೆ. ಅಂಗಡಿಯವನು ಟ್ಯೂಬು ಹೊರಗೆಳೆದು, ನೀರಿನ ಬಾಂಡ್ಲಿಯಲ್ಲಿ ಮುಳುಗಿಸಿ, ಗುಳ್ಳೆ ಎದ್ದ ಜಾಗವನ್ನು ಉಜ್ಜಿ ಸಲ್ಯೂಷನ್ ಹಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಿಂತಲ್ಲಿ ನಿಲ್ಲಲು ಆಗಲಿಲ್ಲ.

"ಕೂತ್ಕೊಳ್ಳಿ ಮೇಡಂ, ಐದು ನಿಮಿಷ" ಎಂದು ಅವನು ಸ್ಟೂಲು ಸರಿಸಿದ. ನಾನು ಕೂರಲಿಲ್ಲ. ಆ ಕಡೆಗೆ ನಾಲ್ಕು ಹೆಜ್ಜೆ, ಈ ಕಡೆಗೆ ನಾಲ್ಕು ಹೆಜ್ಜೆ ಹಾಕುತ್ತಲೇ ಇದ್ದೆ. ಯಾರೋ ಹೆಂಗಸಿಗೆ ಅರ್ಜೆಂಟಿದೆ ಎಂದುಕೊಂಡು ಪಾಪ ಅವನು ಕೈ ಚುರುಕು ಮಾಡಿದ. ನನಗೆ ಅರ್ಜೆಂಟೇನೂ ಇರಲಿಲ್ಲ. ಸಲ್ಯೂಷನ್ ವಾಸನೆ ನನ್ನನ್ನು ಸೀದಾ ಒಂದು ಗೋಡೆಯ ಹಿಂದಕ್ಕೆ ತೆಗೆದುಕೊಂಡು ಹೋಗಿ ನಿಲ್ಲಿಸಿತ್ತು, ಅಷ್ಟೆ.

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ಹಲಸೂರಿಗೂ ಮರ್ಫಿ ಟೌನಿಗೂ ನಡುವೆ ಇದ್ದ ಒಂದು ಸರ್ಕಾರಿ ಹೆಣ್ಣುಮಕ್ಕಳ ಪ್ರೌಢಶಾಲೆಗೆ ನಾನು ಪಿ.ಟಿ. ಟೀಚರಾಗಿ ಬಂದೆ. ಸಿಂಧನೂರು ಕಡೆಯವಳು. ಆಡಿದ್ದು ಖೋ ಖೋ, ಗೊತ್ತಿದ್ದದ್ದೂ ಖೋ ಖೋ. ರಾಮಮೂರ್ತಿ ನಗರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದೆ. ಬಂದ ವಾರವೇ ವಾಪಸು ವರ್ಗಾವಣೆಗೆ ಅರ್ಜಿ ಬರೆದೆ. ಮುಂದಿನ ತಿಂಗಳು ಇನ್ನೊಂದು ಬರೆದೆ. ಬೆಳಿಗ್ಗೆ ಬಸ್ಸಿನಲ್ಲಿ ನೇತಾಡಿಕೊಂಡು ಬರುವಾಗ ಈ ಊರಿನ ತಂಪು, ಈ ಊರಿನ ಜಿಟಿಜಿಟಿ ಮಳೆ, ಒಂದು ಮಾತಿಗೆ ಮೂರು ಭಾಷೆ ಬೆರೆಸುವ ಈ ಊರಿನ ಜನ, ಎಲ್ಲದರ ಮೇಲೂ ನನಗೆ ಸಿಟ್ಟು. ಇಲ್ಲಿನವರಿಗೆ ಆ ಮೂರರಲ್ಲಿ ಯಾವುದರಲ್ಲಿ ಬೈದರೆ ನಾಟುತ್ತದೆ ಎಂಬುದು ತಿಳಿಯದೆ ನನ್ನದೇ ಭಾಷೆಯಲ್ಲಿ ಬೈಯುತ್ತಿದ್ದೆ.

ಶಾಲೆಯ ಹುಡುಗಿಯರು ಖೋ ಖೋ ಬೇಡ ಎಂದರು. ಥ್ರೋಬಾಲ್ ಬೇಡ ಎಂದರು. ಅವರಿಗೆ ಬೇಕಾದದ್ದು ಫುಟ್ಬಾಲು. ಆ ಸೀಮೆಯ ಮಕ್ಕಳು ನಡೆಯುವುದಕ್ಕಿಂತ ಮುಂಚೆ ಒದೆಯುವುದನ್ನು ಕಲಿಯುತ್ತವೆ. ಅಣ್ಣಂದಿರು, ಮಾವಂದಿರು, ತಾತಂದಿರು ಎಲ್ಲರೂ ಒಂದು ಕಾಲದಲ್ಲಿ ಯಾವುದೋ ಟೀಮಿನಲ್ಲಿ ಆಡಿದವರೇ. ಹೆಡ್ ಮಿಸ್ ಅರೆಮನಸ್ಸಿನಿಂದ ಒಪ್ಪಿಕೊಂಡು, ಬೀರುವಿನಿಂದ ಒಂದು ಚೆಂಡನ್ನು ತೆಗೆದುಕೊಟ್ಟರು.

"ಇರೋದು ಇದೊಂದೇ ಬಾಲ್ ಮಿಸ್. ಹೋದ ವರ್ಷದ್ದು ಹಿಂದಿನ ಡಿಪೋಗೆ ಬಿತ್ತು, ಅವರೇ ಇಟ್ಕೊಂಡ್ಬಿಟ್ರು. ಇದೂ ಹೋದ್ರೆ ಫುಟ್ಬಾಲ್ ಮುಗೀತು. ಆಮೇಲೆ ಸುಮ್ನೆ ಥ್ರೋಬಾಲ್ ಆಡ್ಸಿ."

ನಮ್ಮ ಮೈದಾನ ಎಂದರೆ ಒಂದು ಓರೆಯಾದ ಕೆಂಪು ಮಣ್ಣಿನ ತುಂಡು. ಒಂದು ತುದಿಯಲ್ಲಿ ಶಾಲೆಯ ಕಟ್ಟಡ, ಅದರ ತುಂಬ ಗಾಜಿನ ಕಿಟಕಿಗಳು. ಆ ಕಡೆಗೆ ಗೋಲಿಗೆ ಹೊಡೆಯುವ ಮಾತೇ ಇಲ್ಲ. ಇನ್ನೊಂದು ತುದಿಯಲ್ಲಿ ಎರಡು ಸರ್ವೆ ಕಂಬ ನೆಟ್ಟು, ಅಡ್ಡಕ್ಕೆ ಒಂದು ಬಿದಿರಿನ ಗಳ ಕಟ್ಟಿ ಮಾಡಿದ ಗೋಲು. ಬಲೆ ಇಲ್ಲ. ಅದರ ಹಿಂದೆ ಹತ್ತು ಹೆಜ್ಜೆ ದಾಟಿದರೆ ಆಳೆತ್ತರದ ಗೋಡೆ, ಗೋಡೆಯ ಮೇಲೆ ಗಾಜಿನ ಚೂರು. ಗೋಡೆಯ ಆಚೆ ಮರದ ಡಿಪೋ. ದಿನವಿಡೀ ಗರಗಸದ ಮಿಷನ್ನು ಕಿವಿ ಕೊರೆಯುತ್ತಿತ್ತು.

ಮೊದಲ ವಾರವೇ ಹತ್ತನೇ ಕ್ಲಾಸಿನ ಸೆಲ್ವಿ ಜೋರಾಗಿ ಹೊಡೆದ ಒಂದು ಚೆಂಡು ಗೋಡೆ ದಾಟಿ ಹೋಯಿತು. ಇದ್ದ ಒಂದೇ ಚೆಂಡು!

"ಯಾರು ಒದ್ದಾರ, ಅಕಿನೇ ಹೋಗಿ ತರಬೇಕು!" ಎಂದು ಕಿರುಚಿದೆ. "ಇವತ್ತಿಗಲ್ಲ, ಇನ್ನ ಮ್ಯಾಲ ಇದೇ ರೂಲ್ಸು. ಹೊಡದಾಕಿನೇ ತರಬೇಕು. ತರೋತನ ಉಳದೋರು ಎಲ್ಲಾರೂ ನಿಂತಲ್ಲೇ ನಿಂದ್ರಬೇಕು."

ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ನಮ್ಮ ಅವ್ವನ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತಿದ್ದ ಮಾತು. ಅದೇ ಬುದ್ಧಿ ನನಗೂ ಬಂದಿತ್ತು. ಸೆಲ್ವಿ ಹೋದಳು. ಗೋಡೆ ಹತ್ತುವಂತಿಲ್ಲ, ಗೇಟಿನಿಂದ ಹೊರಗೆ ಹೋಗಿ ಹಿಂದಿನ ಬೀದಿ ಸುತ್ತಿ ಡಿಪೋಗೆ ಹೋಗಬೇಕು. ಇಪ್ಪತ್ತು ನಿಮಿಷ ಬಿಟ್ಟು ಬಂದಳು. ಚೆಂಡನ್ನು ಹೊಟ್ಟೆಗೆ ಅವುಚಿಕೊಂಡಿದ್ದಳು, ಮುಖ ಕಪ್ಪಿಟ್ಟಿತ್ತು. ನಾನು ಉಳಿದವರ ಕಡೆ ತಿರುಗಿ, "ನೋಡ್ರಿ, ಶಿಸ್ತು ಅಂದ್ರ ಹಿಂಗಿರಬೇಕು" ಎಂದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಸೆಲ್ವಿಯ ಬಗ್ಗೆ ಹೇಳಲೇಬೇಕು. ಕಡ್ಡಿಯಂಥ ಹುಡುಗಿ, ಬಲಗಾಲು ಎಡಗಾಲು ಎಂಬ ಭೇದವಿಲ್ಲ. ಚೆಂಡು ಅವಳ ಕಾಲಿಗೆ ಬಂದರೆ ಮೂವರು ಎದುರಾಳಿಗಳು ಸುತ್ತಿಕೊಂಡರೂ ಬಿಡಿಸಿಕೊಂಡು ಬರುತ್ತಿದ್ದಳು. ಅವಳಮ್ಮ ಇಂದಿರಾನಗರದ ಮೂರು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವರು. ಒಂದು ಸಂಜೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದರು.

"ಆಟ ಚೆನ್ನಾಗಿ ಆಡೋರ್ಗೆ ಸ್ಪೋರ್ಟ್ಸ್ ಹಾಸ್ಟೆಲ್ ಅಂತ ಏನೋ ಇದ್ಯಂತಲ್ಲ ಮಿಸ್? ಊಟ, ಓದು ಎಲ್ಲಾ ಅವ್ರೇ ನೋಡ್ಕೊಳ್ತಾರಂತೆ?"

"ಹೌದ್ರೀ. ಸ್ಕೂಲು ಸ್ಕೂಲಿನ ಮ್ಯಾಚ್ ನಡೀತಾವಲ್ಲ, ಅಲ್ಲಿಗೆ ಆಯ್ಕೆ ಮಾಡೋರು ಬರ್ತಾರ."

"ಅದು ಸಿಕ್ರೆ ಓದ್ಲಿ ಮಿಸ್. ಸಿಗ್ಲಿಲ್ಲಾಂದ್ರೆ ಹತ್ತು ಮುಗಿದ್ಮೇಲೆ ನಮ್ ತಂಗಿ ಜೊತೆ ಗಾರ್ಮೆಂಟ್ಸ್‌ಗೆ ಕಳಿಸ್ತೀನಿ. ನನ್ ಕೈಲಿ ಇನ್ನು ಆಗಲ್ಲ."

ಅಳು ಇಲ್ಲ, ಬೇಡಿಕೆ ಇಲ್ಲ, ಇದ್ದದ್ದನ್ನು ಇದ್ದಂತೆ ಹೇಳಿ ಹೋದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಫಾರ್ವರ್ಡ್ ಆಗಿ ಮುಂದೆ ಆಡುವ ಹುಡುಗಿಯಲ್ಲಿ ಆಯ್ಕೆಯವರು ನೋಡುವುದು ಒಂದೇ ಒಂದನ್ನು: ಗೋಲು ಹೊಡೆದಳೋ ಇಲ್ಲವೋ. ಸೆಲ್ವಿ ಗೋಲು ಹೊಡೆಯಬೇಕಿತ್ತು. ಆದರೆ ಅವಳು ಹೊಡೆಯುತ್ತಿರಲಿಲ್ಲ.

ಅವಳೊಬ್ಬಳೇ ಅಲ್ಲ, ಯಾರೂ ಹೊಡೆಯುತ್ತಿರಲಿಲ್ಲ. ಜುಲೈ, ಆಗಸ್ಟ್ ಪೂರ್ತಿ ನಾನು ನೋಡಿದ್ದು ಅದನ್ನೇ. ಮೈದಾನದ ಮಧ್ಯದಲ್ಲಿ ಎಂಥ ಚಂದದ ಆಟ! ಇವಳಿಂದ ಅವಳಿಗೆ, ಅವಳಿಂದ ಇನ್ನೊಬ್ಬಳಿಗೆ, ಕೆಸರಿನಲ್ಲೂ ಚೆಂಡು ಜಾರುತ್ತಾ ಹೋಗುತ್ತಿತ್ತು. ಗೋಲಿನ ಮುಂದೆ ಬಂದರೆ ಮುಗಿಯಿತು. ಮದುವೆ ಊಟದಲ್ಲಿ ಕೊನೆಯ ಹೋಳಿಗೆಗೆ "ನೀವು ಹಾಕಿಸ್ಕೊಳ್ಳಿ, ಇಲ್ಲ ನೀವೇ ಹಾಕಿಸ್ಕೊಳ್ಳಿ" ಎನ್ನುವವರ ಹಾಗೆ ಒಬ್ಬರಿಗೊಬ್ಬರು ಚೆಂಡು ದಾಟಿಸಿಕೊಂಡು ನಿಲ್ಲುವರು. ಅಷ್ಟರಲ್ಲಿ ಯಾರಾದರೂ ಬಂದು ಕಸಿದುಕೊಳ್ಳುವರು. ಅಪ್ಪಿತಪ್ಪಿ ಚೆಂಡು ಗೋಡೆ ದಾಟಿದರೆ ಒದ್ದವಳು ಹೋಗಿ ತರುವಳು, ಉಳಿದವರು ನಿಂತು ಕಾಯುವರು.

"ಹೊಡೀ! ಹೊಡೀ ಅಂತೀನಿ! ಯಾಕ್ ಹೊಡ್ಯಾಂಗಿಲ್ಲ?" ಎಂದು ನಾನು ಗೆರೆಯುದ್ದಕ್ಕೂ ಓಡಾಡಿ ಕೂಗುತ್ತಿದ್ದೆ. ಅವರು ನನ್ನ ಮುಖ ನೋಡುತ್ತಿದ್ದರು, ಗೋಡೆಯ ಕಡೆ ಒಮ್ಮೆ ನೋಡುತ್ತಿದ್ದರು, ಮತ್ತೆ ಪಕ್ಕದವಳಿಗೆ ಪಾಸು ಕೊಡುತ್ತಿದ್ದರು. ಆ ಗೋಡೆಯ ಕಡೆಗಿನ ನೋಟ ನನ್ನ ಕಣ್ಣಿಗೆ ಬೀಳುತ್ತಿತ್ತು, ತಲೆಗೆ ಹೋಗಲಿಲ್ಲ.

ನಾಲ್ಕು ಶಾಲೆಗಳ ಲೀಗು, ನಮಗೆ ಮೂರು ಪಂದ್ಯ. ಮೊದಲನೆಯದು ಸೆಪ್ಟೆಂಬರಿನಲ್ಲಿ, ಊರಾಚೆಯ ದೊಡ್ಡ ಮೈದಾನದಲ್ಲಿ. ಆಟದ ಮುಕ್ಕಾಲು ಪಾಲು ಚೆಂಡು ನಮ್ಮವರ ಹತ್ತಿರವೇ ಇತ್ತು. ಸೆಲ್ವಿ ಗೋಲಿನ ಬಾಯಿಗೆ ನಾಲ್ಕು ಸಲ ಹೋಗಿ ನಾಲ್ಕು ಸಲವೂ ಪಕ್ಕಕ್ಕೆ ಪಾಸು ಕೊಟ್ಟಳು. ಸೊನ್ನೆ ಸೊನ್ನೆಗೆ ಮುಗಿಯಿತು. ನನ್ನ ಗಂಟಲು ಮೂರು ದಿನ ಬಿದ್ದುಹೋಗಿತ್ತು.

ಆಗ ನೆನಪಾದದ್ದು ಮುನಿಸ್ವಾಮಿ ಅಣ್ಣ. ಶಾಲೆಯಿಂದ ಎರಡು ಬೀದಿ ಆಚೆ ಅವರ ಸೈಕಲ್ ಅಂಗಡಿ. ಗಾಜಿನ ಚೂರು ತಾಗಿ ನಮ್ಮ ಚೆಂಡಿನ ಬ್ಲಾಡರು ಹರಿದಾಗಲೆಲ್ಲ ಅದನ್ನು ಅವರೇ ಸಲ್ಯೂಷನ್ ಹಚ್ಚಿ ಸರಿ ಮಾಡುತ್ತಿದ್ದರು. ಅಂಗಡಿಯ ಗೋಡೆಯ ಮೇಲೆ ನೀಲಿ ಕೋಟು ತೊಟ್ಟು ಸಂವಿಧಾನದ ಪುಸ್ತಕ ಹಿಡಿದವರ ದೊಡ್ಡ ಫೋಟೋ, ಅದರ ಕೆಳಗೆ ಅದಕ್ಕಿಂತ ಚಿಕ್ಕದಾಗಿ ಅವರದೇ ಹಳೆಯ ಟೀಮಿನ ಫೋಟೋ, ಚಡ್ಡಿ ತೊಟ್ಟ ಹನ್ನೊಂದು ಜನ. ಒಂದು ಕಾಲದಲ್ಲಿ ಮರ್ಫಿ ಟೌನಿನಲ್ಲಿ ಅವರಷ್ಟು ಗೋಲು ಹೊಡೆದವರಿಲ್ಲ ಎಂದು ಅವರೇ ಹೇಳುತ್ತಿದ್ದರು. ಬೇರೆಯವರೂ ಹೇಳುತ್ತಿದ್ದರು, ಹಾಗಾಗಿ ನಂಬಿದ್ದೆ.

"ಗೋಲ್ ಮುಂದೆ ಬಂದ ತಕ್ಷಣ ಮನುಷ್ಯಂಗೆ ಯೋಚ್ನೆ ಶುರುವಾಗ್ತದೆ ಮಿಸ್" ಎಂದರು ಚೆಂಡಿಗೆ ಹೊಲಿಗೆ ಹಾಕುತ್ತಾ. "ಮಿಸ್ಸಾದ್ರೆ ಏನಂತಾರೋ, ಬೈತಾರೋ, ನಗ್ತಾರೋ ಅಂತ. ಆ ಯೋಚ್ನೆ ಮುಗ್ಯೋಷ್ಟ್ರಲ್ಲಿ ಬಾಲ್ ಹೋಗಿರ್ತದೆ. ಹತ್ತು ಮಿಸ್ ಮಾಡ್ದೋನೇ ಒಂದ್ ಹಾಕೋದು. ಮಿಸ್ ಮಾಡಕ್ಕೆ ಬಿಡ್ಬೇಕು."

ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಬರೆದು ತೋರಿಸಿದರು. ಒದೆಯುವ ಕಾಲನ್ನಲ್ಲ, ನಿಂತ ಕಾಲನ್ನು ನೋಡಬೇಕಂತೆ. ಅದು ಚೆಂಡಿನ ಪಕ್ಕಕ್ಕೇ ಇರಬೇಕು, ಬೆರಳು ಗೋಲಿನ ಕಡೆ ತಿರುಗಿರಬೇಕು. ಮೈ ಹಿಂದಕ್ಕೆ ವಾಲಿದರೆ ಚೆಂಡು ಆಕಾಶಕ್ಕೆ, ಚೆಂಡಿನ ಮೇಲಕ್ಕೆ ಬಾಗಿದರೆ ನೆಲಮಟ್ಟಕ್ಕೆ. ಕೀಪರಿನ ಮುಖ ನೋಡಬಾರದು. ಮೂಲೆ ಮೊದಲೇ ನೋಡಿಕೊಂಡಿರಬೇಕು, ಒದೆಯುವಾಗ ಚೆಂಡನ್ನಷ್ಟೇ ನೋಡಬೇಕು. ನಾನು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಹೋಗಿ ಹುಡುಗಿಯರಿಗೆ ಒಪ್ಪಿಸಿದೆ. ಮುನಿಸ್ವಾಮಿ ಅಣ್ಣ ಕೊಟ್ಟ ಎರಡು ಹಳೆ ಟಯರುಗಳನ್ನು ಗೋಲಿನ ಎರಡು ಮೂಲೆಗೆ ಕಟ್ಟಿ, "ಇದರಾಗ ಹಾಕ್ರಿ" ಎಂದೆ.

ಹಾಕಿದರು. ಹೇಗೆ? ಕೂಸನ್ನು ತೊಟ್ಟಿಲಿಗೆ ಮಲಗಿಸುವ ಹಾಗೆ. ಚೆಂಡು ಉರುಳುತ್ತಾ ಉರುಳುತ್ತಾ ಟಯರಿನ ಹತ್ತಿರ ಹೋಗಿ ನಿಲ್ಲುತ್ತಿತ್ತು. ಗೋಲ್‌ಕೀಪರ್ ನೂರ್‌ಜಹಾನ್, ಒಂಬತ್ತನೇ ಕ್ಲಾಸಿನ ದುಂಡು ಹುಡುಗಿ, ಆಕಳಿಸಿಕೊಂಡು ಬಂದು ಎತ್ತಿಕೊಳ್ಳುತ್ತಿದ್ದಳು.

ಮುನಿಸ್ವಾಮಿ ಅಣ್ಣ ಒಂದು ದಿನ ಅಂಗಡಿ ಮುಚ್ಚಿ ಬಂದು ನೋಡಿದರು. "ಇವರ್ಗೆ ಒದೆಯೋಕ್ ಬರ್ತದೆ ಮಿಸ್. ಡಿಫೆನ್ಸ್‌ನೋರು ಗ್ರೌಂಡ್ ಮಧ್ಯಕ್ಕೆ ಬಾಲ್ ಕ್ಲಿಯರ್ ಮಾಡೋವಾಗ ನೋಡಿ, ಎಂಥಾ ಏಟು! ಈ ಕಡೆ ಗೋಲಿಗೆ ಮಾತ್ರ ಕಾಲು ಏಳಲ್ಲ. ಏನೋ ಐತೆ" ಎಂದರು.

"ಏನೂ ಇಲ್ರೀ ಅಣ್ಣಾರ. ಸೋಮಾರಿತನ" ಎಂದು ನಾನು ಎಲ್ಲರಿಗೂ ಹತ್ತು ಸುತ್ತು ಓಡುವ ಶಿಕ್ಷೆ ಕೊಟ್ಟೆ.

ಎರಡನೆಯ ಪಂದ್ಯ ಅಕ್ಟೋಬರಿನಲ್ಲಿ. ಬೆಳಗಿನಿಂದ ಮೋಡ, ಹನಿ ಬೀಳುವುದೋ ಬೇಡವೋ ಎನ್ನುತ್ತಿತ್ತು. ಸ್ಪೋರ್ಟ್ಸ್ ಹಾಸ್ಟೆಲಿನ ಆಯ್ಕೆಗೆ ಬಂದ ಮೇಡಂ ಟ್ರ್ಯಾಕ್‌ಸೂಟಿನಲ್ಲಿ, ಕೈಯಲ್ಲೊಂದು ಬರೆಯುವ ಹಲಗೆ ಹಿಡಿದು ಕುರ್ಚಿಯ ಮೇಲೆ ಕೂತಿದ್ದರು. ನಾನು ಸೆಲ್ವಿಯ ಭುಜ ಹಿಡಿದು ಅಲುಗಾಡಿಸಿ ಹೇಳಿದೆ: "ಇವತ್ತ ಪಾಸ್ ಕೊಟ್ಟಿ ಅಂದ್ರ ನೋಡು. ಹೊಡೀಬೇಕು. ಅಷ್ಟ." ಅವಳು ಹೂಂ ಎಂದಳು.

ಇಬ್ಬರನ್ನು ದಾಟಿಕೊಂಡು ಹೋದಳು. ಎದುರಿಗೆ ಕೀಪರು ಒಬ್ಬಳೇ. ಒಂದು ಕ್ಷಣ ಕಾಲು ತಡೆಯಿತು, ಆಮೇಲೆ ಹೊಡೆದೇಬಿಟ್ಟಳು. ಚೆಂಡು ಗೋಲಿನ ಮೇಲಿಂದ ಹಾರಿ, ಮೈದಾನದ ಬೇಲಿ ದಾಟಿ ರಸ್ತೆಗೆ ಬಿತ್ತು. ಪರವಾಗಿಲ್ಲ, ಹೊಡೆದಳಲ್ಲ ಎಂದು ನಾನು ಚಪ್ಪಾಳೆಗೆ ಕೈ ಎತ್ತಿದ್ದೆ. ಕೈ ಹಾಗೇ ನಿಂತಿತು. ಸೆಲ್ವಿ ತಿರುಗಿ ಬರಲಿಲ್ಲ. ಗೋಲಿನ ಹಿಂದಕ್ಕೆ ಓಡಿದಳು. ಬೇಲಿಯ ಸಂದಿನಲ್ಲಿ ನುಸುಳಿದಳು. ರಸ್ತೆಗೆ ಇಳಿದಳು. ಚೆಂಡು ತರಲು ಹೋದಳು!

ಆ ದೊಡ್ಡ ಮೈದಾನದಲ್ಲಿ ಎರಡನೇ ಚೆಂಡು ಇತ್ತು. ರೆಫ್ರಿ ಅದನ್ನು ಎಸೆದರು, ಎದುರಿನವರ ಕೀಪರು ಗೋಲ್ ಕಿಕ್ ಹೊಡೆದಳು, ಆಟ ಮುಂದುವರಿಯಿತು. ನಮ್ಮವರು? ನಿಂತಿದ್ದರು. ಹತ್ತಕ್ಕೆ ಹತ್ತು ಜನ ನಿಂತಲ್ಲೇ ನಿಂತಿದ್ದರು. ಒಬ್ಬಳು ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ನೂರ್‌ಜಹಾನ್ ಕಂಬಕ್ಕೆ ಒರಗಿಕೊಂಡು ರಸ್ತೆಯ ಕಡೆ ನೋಡುತ್ತಿದ್ದಳು. ಚೆಂಡು ಗೋಡೆ ದಾಟಿದಾಗಲೆಲ್ಲ ಹಾಗೇ ತಾನೆ, ಹೊಡೆದವಳು ತರುವವರೆಗೆ ಕಾಯುವುದು. ಎದುರಿನ ಹುಡುಗಿ ಒಬ್ಬಳೇ ಚೆಂಡನ್ನು ತಳ್ಳಿಕೊಂಡು ಬಂದು, ಇದೇನು ಮೋಸವೋ ಎಂಬಂತೆ ಅತ್ತಿತ್ತ ನೋಡಿ, ಗೋಲಿಗೆ ಹಾಕಿದಳು.

ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಯ್ಕೆಯ ಮೇಡಂ ಕೂಡ ಹಲಗೆಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅಷ್ಟರಲ್ಲಿ ಸೆಲ್ವಿ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಬೇಲಿಯ ಸಂದಿನಿಂದ ಒಳಗೆ ಬಂದಳು. ಸ್ಕೋರು ಬದಲಾದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಒಂದು ಗೋಲಿನಿಂದ ಸೋತೆವು.

ಸೋಮವಾರ ಮೈದಾನದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. "ಯಾಕ ನಿಂತ್ರಿ? ಒಬ್ಬಾಕಿಗೂ ಬುದ್ಧಿ ಬ್ಯಾಡೇನು?"

ಎಲ್ಲರೂ ನೆಲ ನೋಡಿದರು. ನೂರ್‌ಜಹಾನ್ ಮೆಲ್ಲಗೆ, "ಹೊಡೆದವ್ಳೇ ತರ್ಬೇಕಲ್ಲಾ ಮಿಸ್. ತರೋವರ್ಗೂ ನಿಂತ್ಕೊಳ್ಬೇಕು. ನೀವೇ ಹೇಳಿದ್ದು" ಎಂದಳು.

"ಅದು ಇಲ್ಲಿ! ಮ್ಯಾಚಿನ್ಯಾಗಲ್ಲ!" ಎಂದೆನಾದರೂ ನನ್ನ ದನಿ ಅರ್ಧಕ್ಕೇ ಇಳಿಯಿತು. ಮೂರು ತಿಂಗಳಿನಿಂದ ನಾನು ಮಾಡಿಸಿದ್ದನ್ನೇ ಅವರು ಮಾಡಿದ್ದರು. ಆದರೂ ಸೋಲಲು ಮನಸ್ಸಿಲ್ಲದೆ ಕೇಳಿದೆ, "ಅದಕ್ಕ ಹೆದರಿ ಗೋಲಿಗೆ ಒದೆಯಂಗಿಲ್ಲೇನು? ಹಿಂದಿನ ಓಣಿಗೆ ಹೋಗಿ ಒಂದು ಬಾಲ್ ತರೋದು ಅಷ್ಟು ತ್ರಾಸೇನು?"

ಗೋಡೆಯ ಆಚೆಯ ಗರಗಸವೊಂದೇ ಕೇಳುತ್ತಿತ್ತು. ಆಮೇಲೆ ಸೆಲ್ವಿ ತಲೆ ಎತ್ತಿದಳು.

"ನೀವೊಂದ್ಸಲ ಹೋಗ್ಬನ್ನಿ ಮಿಸ್."

ದನಿಯಲ್ಲಿ ಕೊಬ್ಬಿರಲಿಲ್ಲ. ಅದೇ ನನ್ನನ್ನು ಚುಚ್ಚಿತು. ಚೆಂಡನ್ನು ತೆಗೆದುಕೊಂಡು ನಾನೇ ಗೋಡೆಯ ಆಚೆಗೆ ಎಸೆದೆ, ಸೆರಗು ಸಿಕ್ಕಿಸಿಕೊಂಡು ಹೊರಟೆ.

ಗೇಟು ದಾಟಿ ಎಡಕ್ಕೆ ತಿರುಗಿದರೆ ಮಟನ್ ಅಂಗಡಿ, ಅದರ ಪಕ್ಕ ಸಾರಾಯಿ ಅಂಗಡಿ. ಮಧ್ಯಾಹ್ನ ಮೂರೂವರೆಗೇ ಬೆಂಚಿನ ತುಂಬ ಜನ. ಒಬ್ಬ ನಾಲಿಗೆಯಲ್ಲಿ ಲೊಚಗುಟ್ಟಿದ. ನಾನು ತಿರುಗಿ ನೋಡಿದೆ, ಅವನು ಬೇರೆ ಕಡೆ ನೋಡಿದ. ಡಿಪೋದ ಗೇಟಿನ ಒಳಗೆ ಹೊಟ್ಟಿನ ರಾಶಿ, ಹಸಿ ಮರದ ವಾಸನೆ, ನಾಲ್ಕೈದು ಆಳುಗಳು. ಒಂದು ದಿಮ್ಮಿಯ ಮೇಲೆ ಒಬ್ಬ ಕೂತು ಬೀಡಿ ಸೇದುತ್ತಿದ್ದ. ನಮ್ಮ ಚೆಂಡು ಅವನ ಕಾಲಡಿಯಲ್ಲಿತ್ತು. ಹೆಜ್ಜೆಯ ಸಪ್ಪಳ ಕೇಳಿ, ತಲೆ ಎತ್ತದೆಯೇ ಅಂದ:

"ಬಾಮ್ಮಾ ಬಾ. ಇವತ್ತು ಯಾರು, ಸಣ್ಣವ್ಳಾ ದಪ್ಪವ್ಳಾ? ಹತ್ರ ಬಂದು ಚೆನ್ನಾಗ್ ಕೇಳು, ಕೊಡ್ತೀನಿ."

ಉಳಿದವರು ನಕ್ಕರು. ಆಮೇಲೆ ಅವನು ತಲೆ ಎತ್ತಿ ನನ್ನನ್ನು ನೋಡಿ ಕಾಲು ತೆಗೆದ.

ನಾನು ಅವನಿಗೆ ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಸಿಂಧನೂರಿನ ಸಂತೆಯಲ್ಲಿ ಕೇಳಿ ಕಲಿತು, ಟೀಚರಾದ ಮೇಲೆ ಒಳಗೆ ಇಟ್ಟುಕೊಂಡಿದ್ದ ಮಾತುಗಳೆಲ್ಲ ಒಂದೇ ಸಲ ಹೊರಗೆ ಬಂದವು. ಗರಗಸದ ಮಿಷನ್ನು ನಿಲ್ಲಿಸಿದರು. ಒಳಗಿನಿಂದ ಯಜಮಾನ ಓಡಿ ಬಂದ. "ನಾಳೆಯಿಂದ ಈ ಜಾಗದಾಗ ನಾ ನಿಂದ್ರತೀನಿ. ಯಾವನಾರ ಬಾಯಿ ಬಿಟ್ಟು ನೋಡ್ರಿ" ಎಂದು ಹೇಳಿ ಚೆಂಡನ್ನು ಎತ್ತಿಕೊಂಡು ಬಂದೆ. ದಾರಿಯಲ್ಲಿ ನೋಡಿಕೊಂಡರೆ, ನಾನೂ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡಿದ್ದೆ.

ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಹದಿನಾಲ್ಕು ಹದಿನೈದು ವರ್ಷದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಅಲ್ಲಿಗೆ ಕಳಿಸಿದವಳು ನಾನು. ಅದೂ ಶಿಸ್ತು ಎಂದು ಹೇಳಿ.

"ಯಾಕ ಹೇಳಲಿಲ್ಲ ನನಗ?" ಎಂದು ಮೈದಾನಕ್ಕೆ ಬಂದು ಕೇಳಿದೆ.

"ಹೇಳಿದ್ರೆ ಹೆಡ್ ಮಿಸ್ ಆಟನೇ ನಿಲ್ಲಿಸ್ತಿದ್ರು ಮಿಸ್" ಎಂದಳು ಸೆಲ್ವಿ. ಅದು ನಿಜ. ಖಂಡಿತ ನಿಲ್ಲಿಸುತ್ತಿದ್ದರು. ಡಿಪೋದವರನ್ನು ಯಾರೂ ಕೇಳುತ್ತಿರಲಿಲ್ಲ, ಹುಡುಗಿಯರ ಕೈಯಿಂದ ಚೆಂಡು ಕಿತ್ತುಕೊಳ್ಳುತ್ತಿದ್ದರು. ಅದಕ್ಕೇ ಅವರು ತಮ್ಮಲ್ಲೇ ಮಾತಾಡಿಕೊಂಡು ಒಂದು ಉಪಾಯ ಕಂಡುಕೊಂಡಿದ್ದರು: ಆಡೋಣ, ಗೋಲಿಗೆ ಮಾತ್ರ ಜೋರಾಗಿ ಹೊಡೆಯುವುದು ಬೇಡ.

ಮೂರನೆಯ ಪಂದ್ಯಕ್ಕೆ ಎರಡು ವಾರ ಇತ್ತು. ಮಳೆ ಹಿಡಿದು ಇನ್ನೊಂದು ವಾರ ಮುಂದಕ್ಕೆ ಹೋಯಿತು. ಆ ಮೂರು ವಾರ ನಾನು ನನ್ನ ಟೀಮಿನ ಆಟವನ್ನು ನೋಡಲೇ ಇಲ್ಲ. ಮೈದಾನದಲ್ಲಿ ಮುನಿಸ್ವಾಮಿ ಅಣ್ಣ ನಿಂತರು, ನಾನು ಗೋಡೆಯ ಆಚೆ ಡಿಪೋದಲ್ಲಿ ನಿಂತೆ. ಯಜಮಾನ ಸ್ಟೂಲು ಹಾಕಿಸಿದ, ನಾನು ಕೂರಲಿಲ್ಲ. ಹೊಟ್ಟಿನ ರಾಶಿಯ ಸುತ್ತ ಕೊಡೆ ಹಿಡಿದು ಸುತ್ತುತ್ತಿದ್ದೆ. ಚೆಂಡು ಬಂದರೆ ಹಿಡಿದು ವಾಪಸು ಎಸೆಯುವುದು. ದಿಮ್ಮಿಯ ಮೇಲೆ ಕೂರುತ್ತಿದ್ದವನು ನಾನು ಹೋಗುವ ಹೊತ್ತಿಗೆ ಲಾರಿಯ ಹಿಂದೆ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದ.

ಮೊದಲ ದಿನ ಚೆಂಡು ಎರಡೇ ಸಲ ಬಂತು. ಮಾರನೆಯ ದಿನ ಏಳು ಸಲ. ಅದರ ಮಾರನೆಯ ದಿನ ನನಗೆ ಎಣಿಸಲು ಪುರುಸೊತ್ತಿರಲಿಲ್ಲ. ಅತ್ತಲಿಂದ ಮುನಿಸ್ವಾಮಿ ಅಣ್ಣನ ದನಿ ಕೇಳುತ್ತಿತ್ತು: "ಮಿಸ್ ಆಗ್ಲಿ ಬಿಡು ಕಣಮ್ಮಾ, ಆ ಕಡೆ ಮಿಸ್ ಅವ್ರೆ! ಇನ್ನೊಂದು!" ಹುಡುಗಿಯರು ಕಿಲಕಿಲ ನಗುವರು. ಗಾಜು ತಾಗಿ ಚೆಂಡು ಮೂರು ಸಲ ಹರಿಯಿತು, ಮೂರು ಸಲವೂ ಅವರೇ ತೇಪೆ ಹಾಕಿದರು. ನನ್ನ ಕೈಯೆಲ್ಲ ಸಲ್ಯೂಷನ್ ವಾಸನೆ.

ನನಗೆ ಕಾಣುತ್ತಿರಲಿಲ್ಲ, ಆದರೆ ಕಿವಿ ಕಲಿಯಿತು. ಕಂಬಕ್ಕೆ ಬಡಿದದ್ದು ಒಂದು ಸದ್ದು. ಟಯರಿಗೆ ಬಿದ್ದದ್ದು ಒಂದು ಸದ್ದು. ನೂರ್‌ಜಹಾನಳ ಅಂಗೈಗೆ ಚಟ್ ಎಂದು ಹತ್ತಿದ್ದು, ಅದರ ಹಿಂದೆ ಅವಳ "ಯಾ ಅಲ್ಲಾ!" ಮೂರನೆಯ ವಾರ ಚೆಂಡು ಗೋಡೆ ದಾಟಿ ಬರುವುದು ಕಡಿಮೆಯಾಗುತ್ತಾ ಬಂತು. ಗುರಿ ಸರಿಹೋಯಿತೋ, ಮತ್ತೆ ಹೆದರಿಕೊಂಡರೋ? ತಡೆಯಲಾರದೆ ಒಂದು ದಿನ ಬೀದಿ ಸುತ್ತಿ ಓಡಿಬಂದು ಗೇಟಿನಿಂದ ಇಣುಕಿದೆ. ಅದೇ ಹೊತ್ತಿಗೆ ಸೆಲ್ವಿ ಹೊಡೆದಳು. ಚೆಂಡು ಕೆಸರು ನೀರನ್ನು ಸೀಳಿಕೊಂಡು ನೆಲಮಟ್ಟದಲ್ಲಿ ಹೋಗಿ ಎಡಮೂಲೆಯ ಟಯರಿಗೆ ಬಡಿಯಿತು. ನಾನು ವಾಪಸು ಡಿಪೋಗೆ ಓಡಿದೆ. ವರ್ಗಾವಣೆಯ ಅರ್ಜಿ ಬರೆಯುವುದು ಆ ತಿಂಗಳು ಮರೆತೇ ಹೋಗಿತ್ತು.

ಮೂರನೆಯ ಪಂದ್ಯ ನವೆಂಬರಿನ ಒಂದು ಬಿಸಿಲಿನ ದಿನ. ಆಯ್ಕೆಯ ಮೇಡಂ ಬಂದಿದ್ದರು. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಸೆಲ್ವಿ ದೂರದಿಂದಲೇ ಹೊಡೆದಳು, ಚೆಂಡು ಮೇಲಿಂದ ಹಾರಿ ಬೇಲಿಯ ಆಚೆ ಬಿತ್ತು. ಅವಳ ಕಾಲು ತಾನಾಗಿ ಎರಡು ಹೆಜ್ಜೆ ಅತ್ತ ಹೋಯಿತು. ನಿಂತಳು. ತಿರುಗಿ ನನ್ನನ್ನು ನೋಡಿದಳು. ನಾನು ಎದೆಯ ಮೇಲೆ ಕೈ ತಟ್ಟಿ, "ನಾ ಹೋಗ್ತೀನಿ, ನೀ ಆಡು!" ಎಂದು ಕೂಗಿ, ಸೆರಗು ಸಿಕ್ಕಿಸಿಕೊಂಡು ರಸ್ತೆಗೆ ಓಡಿದೆ. ಜನ ನಕ್ಕರು. ನಗಲಿ. ನಾನು ಚೆಂಡು ಹಿಡಿದು ವಾಪಸು ಬರುವಷ್ಟರಲ್ಲಿ ನಮ್ಮವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಸೆಲ್ವಿ ಗೋಲು ಹೊಡೆದಿದ್ದಳು. ಆ ವರ್ಷದ ನಮ್ಮ ಮೊದಲ ಗೋಲನ್ನು ನಾನು ನೋಡಲಿಲ್ಲ! ಎರಡನೆಯದನ್ನು ನೋಡಿದೆ, ಅದೂ ಅವಳದೇ. ಎರಡು ಒಂದರಿಂದ ಗೆದ್ದೆವು.

ಪಂದ್ಯ ಮುಗಿದ ಮೇಲೆ ಮೇಡಂ ನಮ್ಮ ಕಡೆಗೇ ಬಂದರು.

"ನಿಮ್ಮ ಗೋಲ್‌ಕೀಪರ್ ಹೆಸರೇನು ಮಿಸ್? ಎಂಥಾ ಕೈ! ಮೂರು ವಾರದಲ್ಲಿ ಇಷ್ಟು ಬದಲಾದೋರನ್ನ ನಾನು ನೋಡೇ ಇಲ್ಲ. ಏನ್ ಪ್ರಾಕ್ಟೀಸ್ ಕೊಟ್ರಿ?"

ನೂರ್‌ಜಹಾನಳ ಹೆಸರು ಬರೆದುಕೊಂಡರು. ದಿನಕ್ಕೆ ನೂರಾರು ಹೊಡೆತ ತಿಂದು ತಿಂದು ಆ ದುಂಡು ಹುಡುಗಿ ಕೀಪರಾಗಿಬಿಟ್ಟಿದ್ದಳು. ನಾನು ಕಾದೆ. ಅವರು ಪೆನ್ನು ಮುಚ್ಚಿದರು.

"ಮತ್ತ ನಮ್ಮ ಸೆಲ್ವಿರೀ? ಒಂಬತ್ತನೇ ನಂಬರು?"

"ಓ, ಬಾಲ್ ಹಿಂದೆ ಓಡಿದ್ಲಲ್ಲ, ಅವ್ಳಾ?" ಅವರಿಗೆ ಮತ್ತೆ ನಗು ಬಂತು. "ಇವತ್ತು ಚೆನ್ನಾಗೇ ಆಡಿದ್ಲು. ಆದ್ರೆ ಫಾರ್ವರ್ಡ್ಸ್ ಲಿಸ್ಟು ಎರಡನೇ ರೌಂಡಲ್ಲೇ ಮುಗೀತು ಮಿಸ್. ಆಫೀಸ್‌ಗೆ ಹೋಗಾಯ್ತು. ಕೀಪರ್ ಒಬ್ಬರೇ ಬೇಕಿದ್ದಿದ್ದು."

"ಅವತ್ತ ಅಕಿ ಓಡಿದ್ದು ಅಕಿ ತಪ್ಪಲ್ರೀ. ನನ್ನ ತಪ್ಪು. ನಾನೇ ಹಂಗ ಕಲಿಸಿದ್ದೆ."

"ಇರ್ಬಹುದು ಮಿಸ್. ಈಗ ಲಿಸ್ಟ್ ನನ್ ಕೈಲಿಲ್ಲ."

ಆ ಆಫೀಸಿಗೆ ನಾನು ಎರಡು ಸಲ ಹೋದೆ, ಎರಡು ಸಲ ಕಾಗದ ಬರೆದು ಕೊಟ್ಟೆ. ಮುಂದಿನ ವರ್ಷ ನೋಡೋಣ ಎಂದರು. ಹತ್ತನೇ ಕ್ಲಾಸಿನ ಹುಡುಗಿಗೆ ನಮ್ಮ ಶಾಲೆಯಲ್ಲಿ ಮುಂದಿನ ವರ್ಷವೆಂಬುದು ಇರಲಿಲ್ಲ.

ಜೂನ್ ಮೊದಲ ವಾರ ಸೆಲ್ವಿ ಅಂಕಪಟ್ಟಿ ತೆಗೆದುಕೊಳ್ಳಲು ಬಂದಳು. ಪಾಸಾಗಿದ್ದಳು. ಹಸಿರು ಚೂಡಿದಾರ, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ನೂರ್‌ಜಹಾನ್ ಹಾಸ್ಟೆಲಿಗೆ ಹೋಗಿ ಆಗಲೇ ಒಂದು ವಾರವಾಗಿತ್ತು.

"ಸೋಮವಾರದಿಂದ ಗಾರ್ಮೆಂಟ್ಸ್ ಮಿಸ್. ಕೆ.ಆರ್. ಪುರಂ ಕಡೆ. ಚಿಕ್ಕಮ್ಮ ಕರ್ಕೊಂಡ್ ಹೋಗ್ತಾರೆ."

ಏಳು ತಿಂಗಳಿನಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಕೊನೆಗೂ ಆಡಿದೆ. "ನಂದು ತಪ್ಪಾತು ಸೆಲ್ವಿ. ನಿನ್ನ ಸೀಟು ನನ್ನಿಂದ ಹೋತು."

ಅವಳು ಕಿಟಕಿಯಿಂದ ಮೈದಾನದ ಕಡೆ ನೋಡಿ, "ಬಾಲ್ ಇದ್ಯಾ ಮಿಸ್?" ಎಂದು ಕೇಳಿದಳು.

ಬೀರುವಿನಿಂದ ಚೆಂಡು ತೆಗೆದುಕೊಟ್ಟೆ, ತೇಪೆಯ ಮೇಲೆ ತೇಪೆ ಹಾಕಿದ ಅದೇ ಚೆಂಡು. ಅವಳು ಚಪ್ಪಲಿ ಬಿಟ್ಟು, ಅಂಕಪಟ್ಟಿಯನ್ನು ಚಪ್ಪಲಿಯ ಕೆಳಗೆ ಇಟ್ಟಳು. ಗೋಲಿನ ಮುಂದೆ ಚೆಂಡನ್ನು ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದಳು. ಗೋಲು ಖಾಲಿ, ಕೀಪರಿಲ್ಲ. ಯಾವ ಮೂಲೆಗೆ ಹಾಕುತ್ತಾಳೆ ಎಂದು ನಾನು ನೋಡುತ್ತಾ ನಿಂತೆ. ಅವಳು ಓಡಿಬಂದು, ಮೈಯನ್ನು ಪೂರ್ತಿ ಹಿಂದಕ್ಕೆ ವಾಲಿಸಿ ಒದ್ದಳು. ಚೆಂಡು ಗಳದ ಮೇಲೆ, ಗಾಜಿನ ಚೂರುಗಳ ಮೇಲೆ, ಎತ್ತರಕ್ಕೆ ಏರಿ ಡಿಪೋದ ಒಳಗೆ ಎಲ್ಲೋ ಹಲಗೆಗಳ ಮೇಲೆ ಧಡ್ ಎಂದು ಬಿತ್ತು.

ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ತಿರುಗಿದಳು. "ಹೊಡೆದವ್ಳೇ ತರ್ಬೇಕಾ ಮಿಸ್?"

"ಇಲ್ಲವಾ. ನಾ ತರ್ತೀನಿ."

ಗೇಟು ದಾಟಿ, ಮಟನ್ ಅಂಗಡಿ ದಾಟಿ, ಆ ಬೆಂಚು ದಾಟಿ ಹೋದೆ. ಹೊಟ್ಟು ಮೆತ್ತಿದ ಚೆಂಡನ್ನು ಹಿಡಿದುಕೊಂಡು ವಾಪಸು ಬಂದಾಗ ಅವಳು ಅಲ್ಲೇ, ಬರಿಗಾಲಲ್ಲಿ ಕಾಯುತ್ತಾ ನಿಂತಿದ್ದಳು. ಚೆಂಡು ಇಸಿದುಕೊಂಡು ಮತ್ತೆ ಅದೇ ಜಾಗದಲ್ಲಿ ಇಟ್ಟಳು.

"ಇನ್ನೊಂದ್ಸಲ ಮಿಸ್."

ಅವತ್ತು ಮಳೆ ಶುರುವಾಗುವವರೆಗೆ ಅವಳು ಒದೆಯುತ್ತಲೇ ಇದ್ದಳು. ಒಂದನ್ನೂ ಗೋಲಿಗೆ ಒದೆಯಲಿಲ್ಲ. ಒಂದೊಂದಕ್ಕೂ ನಾನು ಹೋಗಿ ತಂದೆ.